ಹಾಳೂರ ದಿಬ್ಬದ ಉತ್ಖನನ: ಮಲೆನಾಡಿನಲ್ಲಿ ಕೆಲಸ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಶಿಕಾರಿಪುರ, ಸೊರಬ, ಸಾಗರ, ಹೊಸನಗರದ ಕಡೆ ಹಿರಿಯರನ್ನು ಕೇಳಿ ನೋಡಿ. ಎಷ್ಟೋ ಊರುಗಳ ಪಕ್ಕದಲ್ಲಿ ಒಂದು ಹಾಳೂರ ದಿಬ್ಬ, ಅಂದರೆ ಜನ ಬಿಟ್ಟುಹೋದ ಹಳೇ ಊರಿನ ಗುಡ್ಡೆ ತೋರಿಸುತ್ತಾರೆ. ಉಳುವಾಗ ಬೋಕಿ (ಮಡಕೆ ಚೂರು) ಏಳುತ್ತದೆ. ದಪ್ಪ ಇಟ್ಟಿಗೆ ಸಿಗುತ್ತದೆ. ಜೋರು ಮಳೆಯಾದ ಮಾರನೇ ದಿನ ಮಣಿ ಕಾಣುತ್ತದೆ. ಅಲ್ಲಿಂದ ಮಾತು ಸೀದಾ ನಿಧಿಗೆ ಹೋಗುತ್ತದೆ. ಕೊನೆಗೆ ಯಾರೋ ರಾತ್ರಿ ಬಂದು ವೀರಗಲ್ಲು ಕೆಡವಿ ಅದರ ಬುಡ ಅಗೆದು ಹೋಗಿರುತ್ತಾರೆ. ಚಿನ್ನವಂತೂ ಸಿಕ್ಕಿರುವುದಿಲ್ಲ. ಆದರೆ ಆ ಗುಂಡಿಯಲ್ಲಿದ್ದ ಸಾಕ್ಷಿ ಪೂರ್ತಿ ಹಾಳಾಗಿರುತ್ತದೆ. ಇದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಪುರಾತತ್ವ ಇಲಾಖೆ ಅಥವಾ ವಿಶ್ವವಿದ್ಯಾಲಯದ ಉತ್ಖನನಕ್ಕೆ ಮೊದಲ ಸಲ ಹೋಗುವ ವಿದ್ಯಾರ್ಥಿಗಳಿಗೆ, ಅವರ ಜೊತೆ ಕೈಜೋಡಿಸುವ ಊರಿನವರಿಗೆ, ಜಮೀನಿನಲ್ಲಿ ದಿಬ್ಬ ಇಟ್ಟುಕೊಂಡಿರುವ ರೈತರಿಗೆ ಈ ಬರಹ. ಇದನ್ನು ಓದಿಕೊಂಡು ಯಾರೂ ಸ್ವಂತಕ್ಕೆ ಅಗೆಯಬಾರದು. ಕಾನೂನು ಬಿಡುವುದಿಲ್ಲ, ಅದಕ್ಕೆ ಕಾರಣವೂ ಇದೆ.

ಮಣ್ಣಿನ ಒಂದು ಪದರವನ್ನು ಒಂದು ಸಲ ಮಾತ್ರ ಅಗೆಯಬಹುದು. ಅಗೆದ ಮೇಲೆ ಅದು ಇಲ್ಲ. ಉಳಿಯುವುದು ನೀವು ಬರೆದದ್ದು, ಅಳೆದದ್ದು, ಚಿತ್ರಿಸಿದ್ದು ಮಾತ್ರ. ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದಾಗ ಮೂರು ಸಂಸ್ಕೃತಿಗಳು ಒಂದರ ಮೇಲೊಂದು ಸಿಕ್ಕವು. ಕೆಳಗೆ ನಯಗೊಳಿಸಿದ ಕಲ್ಲಿನ ಕೊಡಲಿಯವರು. ಅವರ ಮೇಲೆ ಬೃಹತ್ ಶಿಲಾಗೋರಿಯವರು. ಅದರ ಮೇಲೆ ಶಾತವಾಹನರ ಕಾಲದ ಜನ. ವೀಲರ್ ಕೆಳಗಿನ ಪದರಕ್ಕೆ ಕೊಟ್ಟ ಕಾಲ ಆಮೇಲೆ ಇಂಗಾಲ ಪರೀಕ್ಷೆ (ಇದ್ದಿಲು, ಕಾಳಿನ ಇಂಗಾಲ ಅಳೆದು ಕಾಲ ತಿಳಿಯುವುದು) ಬಂದಾಗ ಬಹಳ ಹಿಂದಕ್ಕೆ ಸರಿಯಿತು. ಆದರೆ ಪದರಗಳ ಕ್ರಮ ಹಾಗೇ ನಿಂತಿತು. ಅಗೆದ ಗುಂಡಿಯ ಗೋಡೆಯಲ್ಲಿ ಕಾಣುವ ಪದರಗಳ ಚಿತ್ರ ಸರಿಯಾಗಿ ಬರೆದಿಟ್ಟಿದ್ದರಿಂದ ಮುಂದಿನವರು ತಿದ್ದಿಕೊಳ್ಳಲು ಆಯಿತು. ಕೆಳಗೆ ಹೇಳುವ ಎಲ್ಲ ಕೆಲಸವೂ ಇದಕ್ಕಾಗಿಯೇ.

ಮೊದಲ ಹಂತ: ಅದು ನಿಜವಾಗಿ ಹಾಳೂರೇ?

ಗುದ್ದಲಿ ಹಿಡಿಯುವ ಮೊದಲು ಕಾಗದ ಹಿಡಿಯಿರಿ. ಕಂದಾಯ ದಾಖಲೆಯಲ್ಲಿ ಜನವಸತಿ ಇಲ್ಲದ ಊರುಗಳನ್ನು ಬೇಚರಾಕ್ ಗ್ರಾಮ ಎಂದು ಗುರುತಿಸಿರುತ್ತಾರೆ. ಅವುಗಳ ಪಟ್ಟಿ ತೆಗೆಯಿರಿ. ಆಮೇಲೆ ಶಾಸನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಕಾಲದಿಂದ ಅಚ್ಚಾಗಿರುವ ಶಿವಮೊಗ್ಗ ಜಿಲ್ಲೆಯ ಶಾಸನಗಳಲ್ಲಿ ಆ ಊರಿನ ಹೆಸರು ಹುಡುಕಿ. ಈ ಜಿಲ್ಲೆ ಶಾಸನಗಳ ಕಣಜ. ತಾಳಗುಂದ, ಮಳವಳ್ಳಿ, ಬಳ್ಳಿಗಾವಿ ಎಲ್ಲ ಒಂದೇ ಶಿಕಾರಿಪುರ ತಾಲ್ಲೂಕಿನಲ್ಲಿವೆ. ದಾನಶಾಸನದಲ್ಲಿ ಗಡಿ ಹೇಳುವಾಗ ಬರುವ ಕೆರೆ, ಹಳ್ಳ, ಹುತ್ತ, ಕಲ್ಲುಗಳು ಕೆಲವೊಮ್ಮೆ ಇವತ್ತಿಗೂ ಇರುತ್ತವೆ.

ನೆಲದ ಮೇಲಿನ ಹುಡುಕಾಟಕ್ಕೆ ಜನವರಿ, ಫೆಬ್ರವರಿ ಒಳ್ಳೆಯದು. ಭತ್ತದ ಕೊಯ್ಲು ಮುಗಿದಿರುತ್ತದೆ, ಹುಲ್ಲು ಒಣಗಿರುತ್ತದೆ. ನಾಲ್ಕೈದು ಜನ ಐದು ಮೀಟರ್ ಅಂತರದಲ್ಲಿ ಸಾಲಾಗಿ ನಿಂತು ಒಂದೇ ದಿಕ್ಕಿಗೆ ನಡೆಯಿರಿ. ಬೋಕಿ ಎಲ್ಲಿ ದಟ್ಟ, ಎಲ್ಲಿ ವಿರಳ ಎಂದು ನಕ್ಷೆಯಲ್ಲಿ ಗುರುತಿಸಿ. ಒಳಗೆ ಕಪ್ಪು ಹೊರಗೆ ಕೆಂಪು ಇರುವ ಮಡಕೆ ಚೂರು ಕಬ್ಬಿಣ ಯುಗದ ಕಡೆಗೆ ಬೆರಳು ತೋರಿಸುತ್ತದೆ. ಕಾವಿಬಣ್ಣದ ಲೇಪದ ಮೇಲೆ ಬಿಳಿ ಗೆರೆ ಇದ್ದರೆ, ಜೊತೆಗೆ ಸುಮಾರು 40 ಸೆಂ.ಮೀ. ಉದ್ದದ ಇಟ್ಟಿಗೆ ಸಿಕ್ಕರೆ ಶಾತವಾಹನ ಕಾಲವನ್ನು ನೆನೆಯಬೇಕು. ಕಬ್ಬಿಣದ ಕಿಟ್ಟ ರಾಶಿಗಟ್ಟಲೆ ಇದ್ದರೆ ಅಲ್ಲಿ ಅದಿರು ಕರಗಿಸಿದ್ದಾರೆ. ನಮ್ಮ ಬೆಟ್ಟಗಳಲ್ಲಿ ಅದಿರಿಗೆ ಕೊರತೆ ಇಲ್ಲವಲ್ಲ.

ಒಂದು ಎಚ್ಚರಿಕೆ ಇಲ್ಲಿ ತುಂಬಾ ಮುಖ್ಯ. ಈ ಸೀಮೆಯಲ್ಲಿ ಕೆರೆ ಹೂಳನ್ನೂ ಹಾಳೂರ ಮಣ್ಣನ್ನೂ ಗೊಬ್ಬರ ಎಂದು ಗದ್ದೆಗೆ, ತೋಟಕ್ಕೆ ಹೊಡೆಯುವ ರೂಢಿ ಇದೆ. ಮಣ್ಣಿನ ಜೊತೆ ಬೋಕಿಯೂ ಪ್ರಯಾಣ ಮಾಡುತ್ತದೆ. ಹಾಗಾಗಿ ಬೋಕಿ ಸಿಕ್ಕ ಜಾಗವೆಲ್ಲ ಊರಲ್ಲ. ಅಂಚು ಸವೆದು ಉರುಟಾದ ಸಣ್ಣ ಚೂರುಗಳೇ ಜಾಸ್ತಿ ಇದ್ದರೆ ಅವು ಬೇರೆ ಕಡೆಯಿಂದ ಬಂದಿವೆ ಎಂದು ಅನುಮಾನಪಡಿ. ಅಂಚು ಚೂಪಾಗಿದ್ದು, ಒಂದೇ ಪಾತ್ರೆಯ ಎರಡು ಮೂರು ತುಂಡು ಹತ್ತಿರದಲ್ಲೇ ಸಿಕ್ಕರೆ ಅವು ಬಿದ್ದಲ್ಲೇ ಇವೆ. ದೊಡ್ಡ ಹುತ್ತ, ಜಂಬಿಟ್ಟಿಗೆಯ ಸಹಜ ಗುಡ್ಡೆ, ಹಳೇ ಹೆಂಚಿನ ಭಟ್ಟಿಯ ರಾಶಿ ಕೂಡ ದೂರದಿಂದ ದಿಬ್ಬದಂತೆ ಕಾಣುತ್ತವೆ. ಗೊತ್ತಾಗದಿದ್ದರೆ ಹತ್ತಿರದ ಹಳ್ಳದ ದಂಡೆ, ಬಾವಿ ತೆಗೆದ ಗುಂಡಿ, ಅಗಳದ ಬದಿ ನೋಡಿ. ಅಲ್ಲಿ ಕಡಿದ ಮಣ್ಣಿನ ಗೋಡೆ ಆಗಲೇ ತೆರೆದಿರುತ್ತದೆ.

ಎರಡನೇ ಹಂತ: ಅನುಮತಿ

ಇದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1958ರ ಕೇಂದ್ರ ಕಾಯ್ದೆ ಮತ್ತು 1961ರ ಕರ್ನಾಟಕ ಕಾಯ್ದೆ, ಎರಡೂ ಪ್ರಾಚೀನ ಸ್ಮಾರಕ ಮತ್ತು ನೆಲೆಗಳಿಗೆ ಸಂಬಂಧಿಸಿದವು. ಸಂರಕ್ಷಿತವಲ್ಲದ ಜಾಗದಲ್ಲಿ ರಾಜ್ಯ ಸರ್ಕಾರವೇ ಉತ್ಖನನ ಮಾಡುವುದಿದ್ದರೂ ಕೇಂದ್ರದ ಮುಂಚಿತ ಒಪ್ಪಿಗೆ ಬೇಕು. ವಿಶ್ವವಿದ್ಯಾಲಯ, ರಾಜ್ಯ ಇಲಾಖೆ, ಸಂಶೋಧನಾ ಸಂಸ್ಥೆಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಅರ್ಜಿ ಹಾಕುತ್ತವೆ. ಯಾಕೆ ಅಗೆಯಬೇಕು, ಯಾವ ಪ್ರಶ್ನೆಗೆ ಉತ್ತರ ಬೇಕು, ಹಣ ಎಲ್ಲಿಂದ, ವರದಿ ಯಾವಾಗ ಎಂದು ಅದರಲ್ಲಿ ಹೇಳಬೇಕು. ಪ್ರಶ್ನೆ ಇಲ್ಲದ ಉತ್ಖನನಕ್ಕೆ ನನ್ನ ಪ್ರಕಾರ ಅನುಮತಿ ಕೇಳಲೇಬಾರದು.

ಜಮೀನು ಖಾಸಗಿಯಾದರೆ ಮಾಲೀಕರ ಲಿಖಿತ ಒಪ್ಪಿಗೆ, ಬೆಳೆ ಪರಿಹಾರದ ಮಾತು ಮೊದಲೇ ಆಗಬೇಕು. ಕಾನು, ಸೊಪ್ಪಿನಬೆಟ್ಟದಲ್ಲಿ ಆದರೆ ಅರಣ್ಯ ಇಲಾಖೆಯನ್ನೂ ಕೇಳಬೇಕು. ದಿಬ್ಬದ ಮೇಲೆ ಚೌಡಿ, ಭೂತ, ನಾಗನ ಕಲ್ಲು ಇದ್ದರೆ ಊರಿನವರ ಜೊತೆ ಕೂತು ಮಾತಾಡಿ. ಆ ಜಾಗ ಬಿಟ್ಟು ಅಗೆಯುವುದೇ ಸರಿ. ಊರು ನಿಮ್ಮ ಜೊತೆ ಇದ್ದರೆ ರಾತ್ರಿ ಕಾವಲು ತಾನಾಗಿಯೇ ಆಗುತ್ತದೆ.

ರೈತರಿಗೆ ಒಂದು ಮಾತು. ಉಳುವಾಗ ನಾಣ್ಯದ ಗಡಿಗೆ, ವಿಗ್ರಹ ಏನಾದರೂ ಸಿಕ್ಕರೆ ಕೀಳಬೇಡಿ, ತೊಳೆಯಬೇಡಿ. ಇದ್ದಲ್ಲೇ ಫೋಟೋ ತೆಗೆದು ತಹಶೀಲ್ದಾರರಿಗೆ ತಿಳಿಸಿ. ಕರ್ನಾಟಕದಲ್ಲಿ ಇದಕ್ಕೆ 1962ರ ನಿಧಿ ಕಾಯ್ದೆ ಇದೆ. ಮುಚ್ಚಿಟ್ಟರೆ ಅಪರಾಧ.

ಮೂರನೇ ಹಂತ: ಹಂಗಾಮು, ಜನ, ಸಲಕರಣೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಜಾಸ್ತಿ ಮಳೆ. ಪೂರ್ವಕ್ಕೆ ಶಿಕಾರಿಪುರದ ಕಡೆ ಅದರ ಸಣ್ಣ ಪಾಲು ಮಾತ್ರ. ಎರಡೂ ಮಲೆನಾಡೇ, ಆದರೆ ಕೆಲಸದ ಯೋಜನೆ ಒಂದೇ ಥರ ಇರಲಾಗದು. ಡಿಸೆಂಬರ್ ಕೊನೆಗೆ ಶುರು ಮಾಡಿ. ಏಪ್ರಿಲ್ ಮಧ್ಯಕ್ಕೆ ಅಗೆತ ಮುಗಿಸಿ. ಆಮೇಲಿನ ಗುಡುಗು ಮಳೆ ಒಂದೇ ಸಂಜೆಯಲ್ಲಿ ಗುಂಡಿಯ ಗೋಡೆ ಉದುರಿಸಬಲ್ಲದು. ಬಿದಿರಿನ ಗಳು, ತಾಡಪಾಲು ಮೊದಲ ದಿನದಿಂದಲೇ ಹತ್ತಿರ ಇರಲಿ. ಗುಂಡಿಯ ಸುತ್ತ, ಏರಿನ ಕಡೆಗೆ ನೀರು ತಿರುಗಿಸುವ ಸಣ್ಣ ಕಾಲುವೆ ತೋಡಿ.

ಇದೇ ತಿಂಗಳುಗಳು ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಈ ರೋಗ ಮೊದಲು ಗೊತ್ತಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು (ಮೈಗೆ ಕಚ್ಚಿಕೊಳ್ಳುವ ಸಣ್ಣ ಉಣ್ಣೆ ಹುಳ) ಕಚ್ಚುವುದರಿಂದ ಬರುತ್ತದೆ. ಕಾಡಂಚಿನ ದಿಬ್ಬದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ಉದ್ದ ತೋಳಿನ ಅಂಗಿ, ಮುಚ್ಚಿದ ಕಾಲುಚೀಲ ಹಾಕಬೇಕು. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಬೇಕು. ಸಂಜೆ ಬಿಸಿನೀರಿನ ಸ್ನಾನ ಮಾಡಿ, ಮೈ ಪರೀಕ್ಷಿಸಿಕೊಳ್ಳಬೇಕು. ದರಕಿನ (ಉದುರಿದ ಒಣ ಎಲೆಯ) ಮೇಲೆ ಕೂತು ಊಟ ಮಾಡಬೇಡಿ. ಸುತ್ತಮುತ್ತ ಸತ್ತ ಮಂಗ ಕಂಡರೆ ಕೆಲಸ ನಿಲ್ಲಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ ಬಂದ ಕೂಲಿಯವರನ್ನು ಕೆಲಸಕ್ಕೆ ಕರೆಯದೆ ಆಸ್ಪತ್ರೆಗೆ ಕಳಿಸಿ, ಆ ದಿನದ ಕೂಲಿ ಕೊಡಿ. ಇದು ಮುಖ್ಯಸ್ಥರ ಹೊಣೆ. ಬೆಳಿಗ್ಗೆ ಗುಂಡಿಗೆ ಇಳಿಯುವ ಮೊದಲು ಮೂಲೆ ಮೂಲೆ ನೋಡಿ. ಕೊಳಕುಮಂಡಲ ಹಾವು ಮಲಗಿರಬಹುದು.

ಸಲಕರಣೆ ಜಾಸ್ತಿ ಬೇಡ. ಸಣ್ಣ ಪಿಕಾಸಿ, ಗುದ್ದಲಿ, ಚೂಪು ಮೂತಿಯ ಕರಣೆ, ಮೆತ್ತನೆ ಮತ್ತು ಗಡುಸು ಬ್ರಷ್, ಬುಟ್ಟಿ, 5 ಮಿ.ಮೀ. ಕಣ್ಣಿನ ಜರಡಿ, ಟೇಪು, ದಾರ, ಲೈನ್ ಲೆವೆಲ್, ತೂಕದ ಗುಂಡು, ಗ್ರಾಫ್ ಹಾಳೆ. ಬೇರು ಕತ್ತರಿಸಲು ಗಿಡ ಕತ್ತರಿಸುವ ಕತ್ತರಿ ಇರಲಿ. ಬೇರನ್ನು ಕೈಯಿಂದ ಎಳೆದರೆ ಅದರ ಜೊತೆ ಅರ್ಧ ಪದರವೇ ಬರುತ್ತದೆ.

ನಾಲ್ಕನೇ ಹಂತ: ನಕ್ಷೆ ಮತ್ತು ಚೌಕ

ದಿಬ್ಬದಿಂದ ಸ್ವಲ್ಪ ದೂರದಲ್ಲಿ ಅಲುಗಾಡದ ಬಂಡೆ ಅಥವಾ ಸಿಮೆಂಟಿನ ಗುರುತು ಕಲ್ಲು ಆರಿಸಿ. ಎಲ್ಲ ಆಳವನ್ನೂ ಇದರಿಂದಲೇ ಅಳೆಯುವುದು. ನೆಲದ ಮೇಲ್ಮೈಯಿಂದ ಆಳ ಅಳೆಯುವ ಅಭ್ಯಾಸ ಬಿಡಬೇಕು. ಇಳಿಜಾರಿನ ದಿಬ್ಬದಲ್ಲಿ ಒಂದು ಮೂಲೆಯ 60 ಸೆಂ.ಮೀ. ಆಳ ಇನ್ನೊಂದು ಮೂಲೆಯ 60 ಸೆಂ.ಮೀ.ಗೆ ಸಮ ಅಲ್ಲ. ದೂರ, ಎತ್ತರ ಅಳೆಯುವ ಟೋಟಲ್ ಸ್ಟೇಷನ್ ಯಂತ್ರ ಇದ್ದರೆ ಒಳ್ಳೆಯದು, ಎತ್ತರ ಮಾತ್ರ ನೋಡುವ ಡಂಪಿ ಲೆವೆಲ್ ಆದರೂ ಸಾಕು. ಅರ್ಧ ಮೀಟರ್ ಅಂತರದ ಎತ್ತರದ ಗೆರೆಗಳಿರುವ ನಕ್ಷೆ ಮಾಡಿ.

ಅದರ ಮೇಲೆ ಉತ್ತರ ದಕ್ಷಿಣವಾಗಿ ಚೌಕಗಳ ಜಾಲ ಹಾಕಿ. 10 ಮೀಟರ್ ಚೌಕವೂ ಇದೆ. ಆದರೆ ಬೇರು, ಬಂಡೆ ಜಾಸ್ತಿ ಇರುವ ನಮ್ಮ ಕಡೆಗೆ 5 ಮೀಟರ್ ಚೌಕ ಅನುಕೂಲ. ಮೂಲೆ ನೇರ ಬರಲು 3, 4, 5 ಮೀಟರ್‌ನ ತ್ರಿಕೋನ ಹಿಡಿಯಿರಿ. ಆಮೇಲೆ ಕರ್ಣ ಅಳೆದು ನೋಡಿ. 5 ಮೀಟರ್ ಚೌಕಕ್ಕೆ ಅದು 7.07 ಮೀಟರ್ ಬರಲೇಬೇಕು. ಎರಡು ಚೌಕಗಳ ನಡುವೆ ಅಗೆಯದ ಅಡ್ಡಗೋಡೆ ಬಿಡಿ. ಅದೇ ನಿಮ್ಮ ಸಾಕ್ಷಿ. ಅದರ ಮೇಲೆ ಮಣ್ಣು ಹಾಕಬಾರದು, ಅಂಚಿನಲ್ಲಿ ಕೂರಬಾರದು. ತೆಗೆದ ಮಣ್ಣನ್ನು ಇಳಿಜಾರಿನ ಕಡೆಗೆ, ಮುಂದೆ ಅಗೆಯುವ ಯೋಚನೆ ಇಲ್ಲದ ಜಾಗಕ್ಕೆ ಸಾಗಿಸಿ.

ಹೊಸ ದಿಬ್ಬಕ್ಕೆ ಮೊದಲು ಅಂಚಿನಿಂದ ನೆತ್ತಿಯ ಕಡೆಗೆ ಒಂದು ಸಾಲು ಚೌಕ ಸಾಕು. ಎಷ್ಟು ಪದರ ಇದೆ, ಎಷ್ಟು ಕಾಲದ ಕಥೆ ಇದೆ ಎಂದು ಅದು ಹೇಳುತ್ತದೆ. ಮನೆ, ಬೀದಿ ನೋಡಲು ಹರವಾಗಿ ಅಗೆಯುವುದು ಆಮೇಲಿನ ಹಂಗಾಮಿಗೆ.

ಐದನೇ ಹಂತ: ಅಗೆತ

ಮೊದಲು ಚೌಕದ ಒಂದು ಮೂಲೆಯಲ್ಲಿ ಸಣ್ಣ ಪರೀಕ್ಷಾ ಗುಂಡಿ ತೆಗೆಯಿರಿ. ಇದನ್ನು ಅನುಭವ ಇರುವವರೇ ಮಾಡಬೇಕು. ಮುಂದಿನ ಪದರ ಎಷ್ಟು ಆಳಕ್ಕೆ ಬರುತ್ತದೆ ಎಂದು ಅದರಲ್ಲಿ ಮೊದಲೇ ಗೊತ್ತಾಗುತ್ತದೆ. ಆಮೇಲೆ ಇಡೀ ಚೌಕದಲ್ಲಿ ಒಂದು ಪದರವನ್ನು ಪೂರ್ತಿ ತೆಗೆದು ಮುಂದಿನದಕ್ಕೆ ಹೋಗಿ. ಕೊನೆಗೆ ಬಂದದ್ದು ಮೊದಲು ಹೋಗಬೇಕು. ಎರಡನೇ ಪದರದಿಂದ ಯಾರೋ ಗುಂಡಿ ತೋಡಿ ನಾಲ್ಕನೇ ಪದರಕ್ಕೆ ಇಳಿಸಿದ್ದರೆ, ಆ ಗುಂಡಿಯ ಮಣ್ಣನ್ನು ಬೇರೆಯಾಗಿ, ಬೇರೆ ಸಂಖ್ಯೆ ಕೊಟ್ಟು ಮೊದಲು ತೆಗೆಯಬೇಕು. ಇದೊಂದು ತಪ್ಪಿದರೆ ಹೊಸ ಕಾಲದ ಬಳೆ ಚೂರು ಹಳೇ ಕಾಲದ ಚೀಲಕ್ಕೆ ಹೋಗಿ ಕೂರುತ್ತದೆ.

ಪದರ ಬದಲಾಗಿದ್ದು ಗೊತ್ತಾಗುವುದು ಹೇಗೆ? ಬಣ್ಣ ಒಂದೇ ಸಾಲದು. ಮಣ್ಣಿನ ಗಡಸು, ತೇವ, ಕರಣೆಗೆ ಸಿಗುವ ಸದ್ದು, ಒಳಗಿನ ಇದ್ದಿಲು, ಜಲ್ಲಿ, ಬೋಕಿ ಎಲ್ಲ ನೋಡಬೇಕು. ನಮ್ಮ ಕೆಂಪು ಮಣ್ಣು ಒಣಗಿದರೆ ಎಲ್ಲವೂ ಒಂದೇ ಬಣ್ಣ. ಅದಕ್ಕೆ ಬೆಳಿಗ್ಗೆ ಏಳರ ಹೊತ್ತಿಗೆ, ಇಬ್ಬನಿ ಇರುವಾಗಲೇ ನೋಡಿ. ಇಲ್ಲವಾದರೆ ಔಷಧಿ ಹೊಡೆಯುವ ಪಂಪಿನಿಂದ ತೆಳ್ಳಗೆ ನೀರು ಸಿಂಪಡಿಸಿ. ಮಣ್ಣು ಆರುವಾಗ ಒಂದೊಂದು ಪದರ ಒಂದೊಂದು ವೇಗದಲ್ಲಿ ಬಣ್ಣ ಬಿಡುತ್ತದೆ. ಆ ಕೆಲವೇ ನಿಮಿಷದಲ್ಲಿ ಕರಣೆಯಿಂದ ಗಡಿ ಗೀರಿಬಿಡಿ.

ನೆಲಗಟ್ಟು ಸಿಕ್ಕಾಗ ಬೋಕಿಗಳು ಚಪ್ಪಟೆಯಾಗಿ ಮಲಗಿರುತ್ತವೆ. ದಮ್ಮಸ್ಸು ಮಾಡಿದ ಮಣ್ಣು ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಅಲ್ಲಿಗೆ ಪಿಕಾಸಿ ಬಂದ್. ಕರಣೆ, ಬ್ರಷ್ ಮಾತ್ರ. ಕೆಂಪಗೆ ಬೆಂದ ಉಂಗುರದ ನಡುವೆ ಬೂದಿ ಇದ್ದರೆ ಒಲೆ. ಇನ್ನೊಂದು, ಮಲೆನಾಡಿನಲ್ಲಿ ಬಹಳ ಮುಖ್ಯವಾದದ್ದು, ಕಂಬದ ಕುಳಿ. ಇಲ್ಲಿ ಮರ, ಬಿದಿರು, ಹುಲ್ಲಿನ ಮನೆಗೆ ಬೇಕಾದ್ದೆಲ್ಲ ಕೈಗೆ ಸಿಗುವಷ್ಟು ಹತ್ತಿರ. ಅಂಥ ಮನೆಯ ಗೋಡೆ ಸಿಗುವುದಿಲ್ಲ, ಕಂಬದ ಗುರುತು ಸಿಗುತ್ತದೆ. ಸುತ್ತಲಿನ ಮಣ್ಣಿಗಿಂತ ಕಪ್ಪಾದ, ಮೆತ್ತನೆಯ ದುಂಡು ಕಲೆ ಕಂಡರೆ ಪೂರ್ತಿ ಬಗೆಯಬೇಡಿ. ಮೊದಲು ಅರ್ಧ ಮಾತ್ರ ತೆಗೆದು ಒಳಗಿನ ಆಕಾರ ನೋಡಿ, ಚಿತ್ರ ಬರೆಯಿರಿ. ಬದಿ ನೇರವಾಗಿ ಇಳಿದು ತಳ ಸಮವಾಗಿದ್ದರೆ ಕಂಬ. ವಕ್ರವಾಗಿ ಕವಲೊಡೆದರೆ ಬೇರು ಅಥವಾ ಇಲಿ ಬಿಲ. ಹತ್ತು ಕುಳಿ ಸಿಕ್ಕ ಮೇಲೆ ದೂರ ನಿಂತು ನೋಡಿದರೆ ಮನೆಯ ಆಕಾರ ತಾನೇ ಮೂಡುತ್ತದೆ. ಇದಕ್ಕಿಂತ ಖುಷಿ ಕೊಡುವ ಕ್ಷಣ ಉತ್ಖನನದಲ್ಲಿ ಇನ್ನೊಂದಿಲ್ಲ.

ಗುಂಡಿ ಒಂದೂವರೆ ಮೀಟರ್ ದಾಟಿದರೆ ಮೆಟ್ಟಿಲಿನಂತೆ ಒಳಕ್ಕೆ ಸರಿಸಿಕೊಂಡು ಅಗೆಯಿರಿ. ಕುಸಿತದಿಂದ ಜೀವ ಹೋಗುತ್ತದೆ. ಎಷ್ಟೇ ಆತುರ ಇದ್ದರೂ ಒಬ್ಬರನ್ನೇ ಕೆಳಗೆ ಬಿಡಬೇಡಿ.

ಕನ್ನೆಮಣ್ಣು (ಜನವಸತಿಯ ಕುರುಹೇ ಇಲ್ಲದ ತಳದ ಮಣ್ಣು) ಬಂತು ಎಂದು ಬೇಗ ಘೋಷಿಸಬೇಡಿ. ಜಂಬಿಟ್ಟಿಗೆಯ ಪುಡಿ ಮಣ್ಣು ನೋಡಲು ಬರಿದಾಗಿಯೇ ಕಾಣುತ್ತದೆ. ಮೇಲಿಂದ ಕೊಚ್ಚಿಬಂದು ಹಳೆಯ ಪದರವನ್ನು ಮುಚ್ಚಿರಬಹುದು. ಇನ್ನೂ ಅರ್ಧ ಮೀಟರ್ ಇಳಿದು ನೋಡಿ.

ಕಾಲ ಹೇಳುವ ವಸ್ತುಗಳು, ಮತ್ತು ದಾರಿ ತಪ್ಪಿಸುವ ಮಣ್ಣು

ಮೇಲಿನ ಪದರದಲ್ಲಿ ಮಂಗಳೂರು ಹೆಂಚು ಸಿಕ್ಕರೆ ಅಯ್ಯೋ ಎಂದು ಎಸೆಯಬೇಡಿ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅಂದರೆ ಆ ಪದರ ಅದಕ್ಕಿಂತ ಹಳೆಯದಾಗಲು ಸಾಧ್ಯವೇ ಇಲ್ಲ. ಟಿಪ್ಪುವಿನ ಕಾಸು ಸಿಕ್ಕರೆ ಪದರ 1782ರ ಆಮೇಲಿನದು. ಎಷ್ಟು ಆಮೇಲೆ ಎಂದು ಕಾಸು ಹೇಳುವುದಿಲ್ಲ, ಅದು ಅಜ್ಜಿಯ ಗಂಟಿನಲ್ಲಿ ನೂರು ವರ್ಷ ಇದ್ದು ಬಿದ್ದಿರಬಹುದು ಅಲ್ವಾ? ಪದರದಲ್ಲಿ ಸಿಕ್ಕ ವಸ್ತುಗಳಲ್ಲಿ ತೀರಾ ಹೊಸದು ಯಾವುದೋ ಅದನ್ನು ಹಿಡಿದು ಲೆಕ್ಕ ಹಾಕಬೇಕು.

ನಮ್ಮ ಮಣ್ಣು ಎರಡು ಕಡೆ ದಾರಿ ತಪ್ಪಿಸುತ್ತದೆ. ಒಂದು, ಗೆದ್ದಲು. ಅದರ ಸುರಂಗಗಳು ಮೇಲಿನ ಇದ್ದಿಲು, ಸಣ್ಣ ಮಣಿ, ಕಾಳುಗಳನ್ನು ಕೆಳಗಿನ ಪದರಕ್ಕೆ ಇಳಿಸುತ್ತವೆ. ಸುರಂಗ ಕಂಡ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ, ಅಲ್ಲಿಂದ ಕಾಲನಿರ್ಣಯಕ್ಕೆ ಮಾದರಿ ತೆಗೆಯಬೇಡಿ. ಎರಡು, ಮೂಳೆ. ಜಂಬಿಟ್ಟಿಗೆ ಮಣ್ಣಿಗೆ ಆಮ್ಲದ ಗುಣ ಇದೆ, ಜೊತೆಗೆ ಇಷ್ಟು ಮಳೆ. ಮೂಳೆ ಕರಗಿಹೋಗುತ್ತದೆ. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅಗೆದಾಗ ಮೂಳೆಗಳು ಸಿಕ್ಕವು. ಕೆ.ಆರ್. ಆಲೂರ ಅವರು ಅವುಗಳಲ್ಲಿ ಕುದುರೆಯ ಮೂಳೆ ಗುರುತಿಸಿದ್ದು ದೊಡ್ಡ ಚರ್ಚೆಯೇ ಆಯಿತು. ಅಂಥ ಚರ್ಚೆ ಘಟ್ಟದ ಅಂಚಿನ ದಿಬ್ಬದಲ್ಲಿ ಹುಟ್ಟುವುದೇ ಕಷ್ಟ. ಹಾಗಾಗಿ ಮೂಳೆ ಸಿಗಲಿಲ್ಲ ಎಂದ ಮಾತ್ರಕ್ಕೆ ಇಲ್ಲಿನವರು ಮಾಂಸ ತಿನ್ನುತ್ತಿರಲಿಲ್ಲ, ದನ ಸಾಕುತ್ತಿರಲಿಲ್ಲ ಎಂದು ಬರೆಯಬೇಡಿ. ಬೂದಿ, ಸುಣ್ಣ ಇರುವ ಗುಂಡಿಗಳಲ್ಲಿ ಜಾಗ್ರತೆಯಾಗಿ ಹುಡುಕಿ. ಸುಟ್ಟ ಮೂಳೆಯ ಚೂರು ಅಲ್ಲಿ ಉಳಿದಿರಬಹುದು.

ಆರನೇ ಹಂತ: ಜರಡಿ ಮತ್ತು ಮಾದರಿ

ಜೇಡಿ ಮಣ್ಣು ಒಣ ಜರಡಿಯಲ್ಲಿ ಇಳಿಯುವುದಿಲ್ಲ. ಉಂಡೆಯನ್ನು ಉಜ್ಜಿದರೆ ಮಣಿ ಒಡೆಯುತ್ತದೆ. ಬಕೆಟಿನಲ್ಲಿ ನೆನೆಸಿ ನೀರು ಹುಯ್ದು ಜರಡಿ ಹಿಡಿಯಿರಿ. ಒಲೆ, ಕಸದ ಗುಂಡಿ, ನೆಲಗಟ್ಟಿನ ಮೇಲಿನ ಮಣ್ಣನ್ನು 10ರಿಂದ 20 ಲೀಟರ್‌ನಷ್ಟು ಬೇರೆ ಎತ್ತಿಡಿ. ಅದನ್ನು ನೀರಿಗೆ ಹಾಕಿ ಮೆಲ್ಲಗೆ ಕಲಕಿದರೆ ಕರಕಲಾದ ಕಾಳು ತೇಲುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ ನೆರಳಲ್ಲಿ ಒಣಗಿಸಿ. ದಕ್ಷಿಣ ಭಾರತದ ನವಶಿಲಾಯುಗದ ಜನ ಹುರುಳಿ, ಹೆಸರು ಬೆಳೆಯುತ್ತಿದ್ದರು ಎಂದು ಗೊತ್ತಾದದ್ದು ಹೀಗೆಯೇ. ಮಲೆನಾಡಿಗೆ ಭತ್ತ ಯಾವಾಗ ಬಂತು ಎಂಬ ಪ್ರಶ್ನೆಗೆ ಉತ್ತರ ಇಂಥ ಬಕೆಟಿನಲ್ಲೇ ಸಿಗಬೇಕು. ಶಾಸನಕ್ಕಿಂತ ಒಂದು ಹಿಡಿ ಕರಕಲು ಅಕ್ಕಿಗೆ ನಾನು ಕಡಿಮೆ ಬೆಲೆ ಕಟ್ಟುವುದಿಲ್ಲ.

ಇಂಗಾಲ ಪರೀಕ್ಷೆಗೂ ಕಾಳೇ ಒಳ್ಳೆಯದು. ಕಾಳಿಗೆ ಒಂದು ವರ್ಷದ ಆಯಸ್ಸು. ಮರದ ತಿರುಳಿನ ಇದ್ದಿಲಾದರೆ ಮರ ಬೆಳೆದ ನೂರಾರು ವರ್ಷ ಸೇರಿ, ಮನೆ ಸುಟ್ಟ ಕಾಲಕ್ಕಿಂತ ಹಳೆಯ ತಾರೀಖು ಕೊಡುತ್ತದೆ. ಮಾದರಿಯನ್ನು ಕೈಯಿಂದ ಮುಟ್ಟಬೇಡಿ. ಕರಣೆಯ ತುದಿಯಿಂದ ಎತ್ತಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ. ಹತ್ತಿ, ಕಾಗದ ಬೇಡ. ಮೇಲೂ ಕೆಳಗೂ ಪದರ ಮುಚ್ಚಿಕೊಂಡಿರುವ ಜಾಗದ್ದೇ ಆಗಿರಲಿ.

ಏಳನೇ ಹಂತ: ದಾಖಲೆ

ಪ್ರತಿ ಪದರಕ್ಕೆ ಒಂದು ಚೀಲ. ಪ್ರತಿ ಚೀಲಕ್ಕೆ ಎರಡು ಚೀಟಿ, ಒಂದು ಒಳಗೆ, ಒಂದು ಹೊರಗೆ. ನೆಲೆಯ ಹೆಸರು, ವರ್ಷ, ಚೌಕ, ಪದರ, ಆಳ, ತಾರೀಖು, ಬರೆದವರ ಹೆಸರು. ಪೆನ್ಸಿಲ್‌ನಲ್ಲಿ ಬರೆಯಿರಿ. ಶಾಯಿ ಮಳೆಗೆ ಅಳಿಸುತ್ತದೆ. ವಿಶೇಷ ವಸ್ತು ಸಿಕ್ಕರೆ ಎರಡು ಗೋಡೆಗಳಿಂದ ದೂರ ಮತ್ತು ಗುರುತು ಕಲ್ಲಿನಿಂದ ಆಳ, ಹೀಗೆ ಮೂರು ಅಳತೆ ಆಗುವ ತನಕ ಅದನ್ನು ಅಲುಗಿಸಬಾರದು. ಚೀಟಿ ಇಲ್ಲದ ಬೋಕಿಯ ಚೀಲ ಕಸಕ್ಕೆ ಸಮ. ಕಟುವಾಗಿ ಹೇಳಿದೆ, ಆದರೆ ಹಾಗೆಯೇ.

ಗೋಡೆಯ ಚಿತ್ರಕ್ಕೆ ಒಂದು ಪೂರ್ತಿ ದಿನ ಇಡಿ. ಕರಣೆಯಿಂದ ಗೋಡೆಯನ್ನು ನೇರವಾಗಿ ಕೆತ್ತಿ, ಮಟ್ಟದ ದಾರ ಎಳೆದು, 20 ಸೆಂ.ಮೀ.ಗೊಮ್ಮೆ ದಾರದಿಂದ ಮೇಲಕ್ಕೂ ಕೆಳಕ್ಕೂ ಅಳೆದು 1:20ರ ಅಳತೆಯಲ್ಲಿ ಬರೆಯಿರಿ. ಇಬ್ಬರು ಅಳೆಯಲಿ, ಒಬ್ಬರು ಬರೆಯಲಿ. ಗಡಿ ಸ್ಪಷ್ಟ ಇಲ್ಲದಲ್ಲಿ ಚುಕ್ಕೆ ಗೆರೆ ಹಾಕಿ, ಊಹೆಯಿಂದ ಗಟ್ಟಿ ಗೆರೆ ಎಳೆಯಬೇಡಿ. ಮಣ್ಣಿನ ಬಣ್ಣಕ್ಕೆ ಮನ್ಸೆಲ್ ಪಟ್ಟಿ (ಸಂಖ್ಯೆ ಕೊಟ್ಟ ಬಣ್ಣದ ಮಾದರಿಗಳು) ಬಳಸಿ. ನಿಮ್ಮ ಕಂದು ನನಗೆ ಕೆಂಪು ಆಗಬಹುದು. ಫೋಟೋ ಬಿಸಿಲೇರುವ ಮೊದಲು ತೆಗೆಯಿರಿ. ಅಳತೆ ಪಟ್ಟಿ, ಉತ್ತರದ ಬಾಣ, ಹೆಸರಿನ ಹಲಗೆ ಇರಲೇಬೇಕು. ದಿನದ ಟಿಪ್ಪಣಿಯನ್ನು ಅದೇ ಸಂಜೆ ಬರೆದು ಮುಗಿಸಿ. ಮೂರು ದಿನದ್ದು ಒಟ್ಟಿಗೆ ಬರೆದರೆ ನೆನಪು ಬೆರೆಯುತ್ತದೆ.

ಎಂಟನೇ ಹಂತ: ಮಡಕೆ ಅಂಗಳ

ಬಿಡಾರದ ಹತ್ತಿರ ಸಮತಟ್ಟಾದ ಅಂಗಳದಲ್ಲಿ ಚೌಕ, ಪದರದ ಕ್ರಮಕ್ಕೆ ಬೋಕಿ ಹರಡಿ. ಮೆತ್ತನೆ ಬ್ರಷ್‌ನಿಂದ ತೊಳೆಯಿರಿ. ಬಣ್ಣ ಅಥವಾ ಒಳಗೆ ಅನ್ನದ ಕರಿ ಹಿಡಿದ ಚೂರನ್ನು ತೊಳೆಯದೆ ಎತ್ತಿಡಿ. ಬಾಯಿ ಮತ್ತು ತಳದ ಚೂರು ಎಲ್ಲ ಬೇಕು, ಉಳಿದದ್ದನ್ನು ಎಣಿಸಿ ತೂಕ ಹಾಕಿ. ಕಬ್ಬಿಣವನ್ನು ನೀರಿಗೆ ತೋರಿಸಬೇಡಿ. ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಮಲೆನಾಡಿನ ಒಂದು ಮಳೆಗಾಲ ಸಾಕು, ಹೊರಗಿಟ್ಟ ಬಾಣದ ಮೊನೆ ಪುಡಿಯಾಗಲು.

ಕೊನೆಯ ಹಂತ: ಮುಚ್ಚುವುದು, ವರದಿ

ಗುಂಡಿಯನ್ನು ಮೇ ತಿಂಗಳ ಮೊದಲೇ ಮುಚ್ಚಿ. ತಳಕ್ಕೆ ನೀರು ಇಳಿಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಮೇಲೆ ಒಂದು ಪದರ ಮರಳು ಹಾಕಿ, ಈ ವರ್ಷದ ಒಂದೆರಡು ನಾಣ್ಯ ಇಟ್ಟು, ಆಮೇಲೆ ತೆಗೆದ ಮಣ್ಣನ್ನೇ ತುಂಬಿ. ಮುಂದೆ ಅಗೆಯುವವರಿಗೆ ನೀವು ಎಲ್ಲಿಗೆ ನಿಲ್ಲಿಸಿದಿರಿ ಎಂದು ತಿಳಿಯುತ್ತದೆ. ದಿಬ್ಬವನ್ನು ಪೂರ್ತಿ ಅಗೆಯಬೇಡಿ. ದೊಡ್ಡ ಪಾಲು ಹಾಗೇ ಉಳಿಯಲಿ. ಇವತ್ತು ಇಲ್ಲದ ಪರೀಕ್ಷೆ ನಾಳೆ ಬರುತ್ತದೆ.

ವರದಿ ಬರೆಯುವುದು ಉತ್ಖನನದ ಭಾಗ. ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ 2013ರಲ್ಲಿ ಅಗೆದಾಗ ಸಿಕ್ಕ ಸಿಂಹಕಟಾಂಜನ (ಸಿಂಹದ ಆಕಾರದ ಮೆಟ್ಟಿಲ ಬದಿಗಲ್ಲು) ಶಾಸನವನ್ನು ಪುರಾತತ್ವ ಸರ್ವೇಕ್ಷಣ ಇಲಾಖೆ ಕ್ರಿ.ಶ. 370ರ ಸುಮಾರಿನದು ಎಂದು ಹೇಳಿತು. ಹಲ್ಮಿಡಿ ಶಾಸನಕ್ಕಿಂತ ಹಳೆಯ ಕನ್ನಡ ಎಂಬ ಸುದ್ದಿ ನಾಡಿಗೆಲ್ಲ ಹರಡಿತು. ಅಂಥ ಮಾತನ್ನು ಒಪ್ಪುವವರಿಗೂ ಪ್ರಶ್ನಿಸುವವರಿಗೂ ಬೇಕಾಗುವುದು ಒಂದೇ: ಕಲ್ಲು ಯಾವ ಪದರದಲ್ಲಿತ್ತು, ಅದರ ಜೊತೆ ಏನಿತ್ತು. ಸಣ್ಣ ದಿಬ್ಬದ ವರದಿಗೂ ಇದೇ ಅಳತೆ. ಪೂರ್ತಿ ವರದಿಗೆ ಸಮಯ ಹಿಡಿಯುತ್ತದೆ. ಅದರ ಮೊದಲು ನಾಲ್ಕು ಪುಟದ ಸಾರಾಂಶವನ್ನು ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿಗೆ, ಊರಿನ ಶಾಲೆಗೆ, ಜಮೀನಿನ ಮಾಲೀಕರಿಗೆ ಕೊಡಿ. ಮುಚ್ಚುವ ಮೊದಲು ಒಂದು ದಿನ ಊರಿನವರನ್ನೆಲ್ಲ ಕರೆದು ಗುಂಡಿ ತೋರಿಸಿ. ವಸ್ತುಗಳು ಅನುಮತಿ ಪತ್ರದಲ್ಲಿ ಹೇಳಿದ ಉಗ್ರಾಣಕ್ಕೆ ಪಟ್ಟಿ ಸಮೇತ ಹೋಗಲಿ. ಟಿಪ್ಪಣಿ, ಚಿತ್ರ, ಫೋಟೋಗಳ ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಇರಲಿ. ಗುರುತು ಕಲ್ಲು ಎಲ್ಲಿದೆ, ಅದರ ಎತ್ತರ ಎಷ್ಟು ಎಂಬುದನ್ನು ಎರಡೂ ಪ್ರತಿಯ ಮೊದಲ ಪುಟದಲ್ಲೇ ಬರೆಯಿರಿ. ಜಮೀನಿನವರಿಗೂ ಆ ಕಲ್ಲು ತೋರಿಸಿ, ಕೀಳದಂತೆ ಕೇಳಿಕೊಳ್ಳಿ.